ಮೂರು ಗಾಜಿನ ಚೂರು, ಇಪ್ಪತ್ತು ಅಂಗಿ

ಫೈಲು ತೆಳ್ಳಗಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಯಾರೋ ಒಂದು ಅಂಗಡಿಯ ಹಿಂದಿನ ಕಿಟಕಿ ಗಾಜು ಒಡೆದು ಒಳಗೆ ನುಗ್ಗಿದ್ದರು. ನಾಲ್ಕು ಗಂಟೆ ಬಿಟ್ಟು ಪೊಲೀಸರು ಒಬ್ಬನನ್ನು ಹಿಡಿದರು. ಅವನ ಹತ್ತಿ ಅಂಗಿಯಲ್ಲಿ ಮೂರು ಗಾಜಿನ ಚೂರು ಸಿಕ್ಕವು. ಹೆಸರು, ಊರು, ಠಾಣೆ ಎಲ್ಲ ಅಳಿಸಿ ತರಬೇತಿಗೆಂದು ಇಟ್ಟಿದ್ದ ಹಳೆಯ ಕೇಸು ಅದು. ಫೊರೆನ್ಸಿಕ್ ಸೈನ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಆಗಷ್ಟೇ ಕೆಲಸ ಕಲಿಯುತ್ತಿದ್ದ ನನ್ನ ಕೈಗೆ ಬಂತು. ಮುದ್ದೆಮಾಲಿನ ಬದಲು ಅದೇ ಥರದ ಚೂರುಗಳನ್ನು ನಮಗೆ ಕಲಿಸುತ್ತಿದ್ದ ನಿವೃತ್ತ ವಿಜ್ಞಾನಿಯೊಬ್ಬರು ಪೊಟ್ಟಣ ಕಟ್ಟಿ, ಅರಗು ಹಾಕಿ ಕೊಟ್ಟಿದ್ದರು. ಅವರನ್ನು ಸರ್ ಅಂತಲೇ ಬರೆಯುತ್ತೇನೆ.

ಚೂರು ಅಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಸಣ್ಣ ರವೆಗಿಂತ ಸಣ್ಣದು. ಅದನ್ನು ಸಿಲಿಕೋನ್ ಎಣ್ಣೆಯ ಹನಿಯಲ್ಲಿ ಮುಳುಗಿಸಿ, ಮೈಕ್ರೋಸ್ಕೋಪಿನ ಕೆಳಗೆ ನಿಧಾನವಾಗಿ ಬಿಸಿ ಮಾಡುತ್ತಾರೆ. ಎಣ್ಣೆ ಬಿಸಿಯಾದಂತೆ ಅದರ ರಿಫ್ರಾಕ್ಟಿವ್ ಇಂಡೆಕ್ಸ್, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎನ್ನುವ ಅಳತೆ, ಇಳಿಯುತ್ತದೆ. ಗಾಜಿನದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಎರಡೂ ಸಮವಾದ ಕ್ಷಣ ಚೂರಿನ ಅಂಚು ಮಾಯವಾಗಿಬಿಡುತ್ತದೆ, ಅಲ್ಲಿ ಗಾಜೇ ಇರಲಿಲ್ಲವೇನೋ ಅನ್ನುವ ಹಾಗೆ. ಆ ಉಷ್ಣತೆಯನ್ನು ಬರೆದುಕೊಂಡರೆ ಗಾಜಿನ ಇಂಡೆಕ್ಸ್ ಸಿಗುತ್ತದೆ. ಮೊದಲ ಸಲ ಆ ಅಂಚು ಕರಗಿದ್ದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಈಗಲೂ ಎನ್ನುತ್ತದೆ.

ಮೂರು ಚೂರೂ ಕಿಟಕಿಯ ಗಾಜಿಗೆ ಹೊಂದಿದವು. ಆದರೆ 'ಹೊಂದುತ್ತದೆ' ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದೇ ಬಗೆಯ ಗಾಜು ಊರಿನ ಎಷ್ಟು ಕಿಟಕಿಗಳಲ್ಲಿ ಇರುವುದಿಲ್ಲ? ಹೊಂದಿಕೆಗೆ ತೂಕ ಎಷ್ಟು ಅಂತ ಹೇಳಬೇಕು. ಅದಕ್ಕೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇವನೇ ಗಾಜು ಒಡೆದಿದ್ದರೆ ಅಂಗಿಯಲ್ಲಿ ಹೀಗೆ ಮೂರು ಚೂರು ಸಿಗುವ ಸಾಧ್ಯತೆ ಎಷ್ಟು? ಒಡೆದೇ ಇಲ್ಲದಿದ್ದರೆ ಎಷ್ಟು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು ಲೈಕ್‌ಲಿಹುಡ್ ರೇಶಿಯೋ. ಅದು ಅವನು ಕಳ್ಳನೋ ಅಲ್ಲವೋ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ನ್ಯಾಯಾಧೀಶರ ಕೆಲಸ. ಈ ಮೂರು ಚೂರು ತಕ್ಕಡಿಯನ್ನು ಯಾವ ಕಡೆಗೆ, ಎಷ್ಟು ಬಗ್ಗಿಸುತ್ತವೆ ಎಂದಷ್ಟೇ ನಾವು ಹೇಳುವುದು.

ಲೆಕ್ಕಕ್ಕೆ ಬೇಕಾದ ಸಂಖ್ಯೆಗಳನ್ನು ಪುಸ್ತಕದಿಂದ ತಂದೆ. ಒಡೆದವನ ಬಟ್ಟೆಯಲ್ಲಿ ಸರಿಯಾಗಿ ಮೂರು ಚೂರು ಉಳಿದು ಸಿಗುವ ಸಾಧ್ಯತೆ 0.1. ಒಂದೂ ಸಿಗದೆ ಇರುವುದು 0.2. ಸಾಮಾನ್ಯ ಮನುಷ್ಯನ ಬಟ್ಟೆಯಲ್ಲಿ ಗಾಜೇ ಇಲ್ಲದಿರುವುದು 0.8. ಒಂದೇ ಮೂಲದ ಗಾಜು ಇರುವುದು 0.15. ಹಾಗೆ ಇದ್ದಾಗ ಅದು ಮೂರೇ ಚೂರು ಆಗಿರುವುದು 0.05. ಆ ಗಾಜು ನಮ್ಮ ಕಿಟಕಿಯದಕ್ಕೆ ಆಕಸ್ಮಿಕವಾಗಿ ಹೊಂದುವುದು 0.04. 0.1ನ್ನು 0.8ರಿಂದ ಗುಣಿಸಿ, ಕೊನೆಯ ಮೂರರ ಗುಣಲಬ್ಧದಿಂದ ಭಾಗಿಸಿ, 0.2 ಕೂಡಿಸಿದೆ. ಅವನೇ ಒಡೆದಿದ್ದರೂ ಆ ಗಾಜು ಒಂದೂ ಉಳಿಯದೆ, ಸಿಕ್ಕ ಚೂರು ಮೊದಲೇ ಅಂಗಿಯಲ್ಲಿದ್ದವೂ ಆಗಿರಬಹುದಲ್ಲ, ಆ 0.2 ಅದಕ್ಕೆ. 267 ಬಂತು. ಯುರೋಪಿನ ಫೊರೆನ್ಸಿಕ್ ಸಂಸ್ಥೆಗಳ ಒಕ್ಕೂಟ 2015ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 100ರಿಂದ 1,000ದವರೆಗಿನ ಅಂಕಿಗೆ 'ಸಾಕಷ್ಟು ಬಲವಾದ ಬೆಂಬಲ' ಎಂಬ ಅರ್ಥದ ಮಾತು ಬಳಸುತ್ತಾರೆ. ನಾನೂ ಹಾಗೇ ಬರೆದು, ಸಹಿ ಮಾಡಿ, ಸರ್ ಮುಂದೆ ಇಟ್ಟೆ.

ಅವರು ವರದಿ ಓದಲಿಲ್ಲ. ಸಂಖ್ಯೆಗಳ ಪಟ್ಟಿಯ ಮೇಲೆ ಬೆರಳಿಟ್ಟರು.

"ಈ 0.8 ಯಾರ ಅಂಗಿ ನೋಡಿ ಬರೆದದ್ದಮ್ಮ?"

ವಿದೇಶದ ಸಮೀಕ್ಷೆಯದು ಅಂದೆ.

"ಅವರು ಯಾವ ಬಟ್ಟೆ ಹಾಕುತ್ತಾರೆ? ಏನು ಕೆಲಸ ಮಾಡುತ್ತಾರೆ? ಈ ಮನುಷ್ಯ ಏನು ಕೆಲಸ ಮಾಡುತ್ತಾನೆ?"

ಗೊತ್ತಿರಲಿಲ್ಲ. ಫೈಲಿನಲ್ಲಿ ಅದಿರಲಿಲ್ಲ, ನಾನೂ ಕೇಳಿರಲಿಲ್ಲ.

"ಸರಿ, ವರದಿ ಪಕ್ಕಕ್ಕಿಡು. ಇದನ್ನು ಅಲುಗಾಡಿಸಿ ನೋಡೋಣ. ಅಲುಗಾಡಿಸಿದರೂ ನಿಂತರೆ ಸಹಿ ಮಾಡು."

ಅದೇ ಮಾರ್ಗಸೂಚಿ ತಜ್ಞರ ಅಭಿಪ್ರಾಯಕ್ಕೆ ನಾಲ್ಕು ಗುಣ ಇರಬೇಕು ಎನ್ನುತ್ತದೆ: ಸಮತೋಲನ, ತರ್ಕ, ದೃಢತೆ, ಪಾರದರ್ಶಕತೆ. ಪರೀಕ್ಷೆಗೆ ಓದುವಾಗ ಈ ನಾಲ್ಕನ್ನೂ ಬಾಯಿಪಾಠ ಮಾಡಿದ್ದೆ. ಮೂರನೆಯದರ ಅರ್ಥ ತಿಳಿಯಲು ಮುಂದಿನ ಮೂರು ತಿಂಗಳು ಹಿಡಿಯಿತು.

ಮೊದಲು ಎಕ್ಸೆಲ್ ಶೀಟಿನಲ್ಲಿ ಒಂದೊಂದೇ ಸಂಖ್ಯೆಯನ್ನು ಬದಲಿಸಿ ನೋಡಿದೆ. 'ಒಂದೂ ಸಿಗದೆ ಇರುವುದು' 0.2 ಇದ್ದದ್ದನ್ನು 0.6 ಮಾಡಿದೆ. 267 ಅಲ್ಲಾಡಲೇ ಇಲ್ಲ. ನೆಮ್ಮದಿಯಾಯಿತು. ಆಕಸ್ಮಿಕ ಹೊಂದಿಕೆಯನ್ನು 0.04ರಿಂದ 0.1 ಮಾಡಿದೆ. 107ಕ್ಕೆ ಇಳಿಯಿತು. 'ಮೂರೇ ಚೂರು' ಎಂಬುದನ್ನು ಎರಡು ಪಟ್ಟು ಮಾಡಿದರೆ 134. ಅಂದರೆ ಎಲ್ಲ ಸಂಖ್ಯೆಗಳೂ ಒಂದೇ ಅಲ್ಲ. ಕೆಲವು ಎಷ್ಟು ತಪ್ಪಿದ್ದರೂ ಏನೂ ಆಗುವುದಿಲ್ಲ. ಕೆಲವು ಸ್ವಲ್ಪ ಜಾರಿದರೂ ಇಡೀ ಅಭಿಪ್ರಾಯ ಜಾರುತ್ತದೆ. ಎಲ್ಲಿ ಶ್ರಮ ಹಾಕಬೇಕು ಅಂತ ಈ ಪುಟ್ಟ ಆಟ ತೋರಿಸಿಕೊಟ್ಟಿತು. ನನ್ನ ಕೇಸಿನಲ್ಲಿ ಸಡಿಲವಾಗಿದ್ದದ್ದು ಬಟ್ಟೆಯಲ್ಲಿ ಮೊದಲೇ ಇರುವ ಗಾಜಿನ ಲೆಕ್ಕ. ಸರ್ ಬೆರಳಿಟ್ಟಿದ್ದೂ ಅಲ್ಲೇ.

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣವನ್ನು ಅವರು ಆ ವಾರವೇ ನಮಗೆ ಹೇಳಿದ್ದು. ಆಕೆಯ ಎರಡು ಹಸುಗೂಸುಗಳು ಒಂದರ ಹಿಂದೆ ಒಂದು ತೀರಿಕೊಂಡವು. ಕೊಲೆ ಆರೋಪ ಬಂತು. ಇಂಥ ಮನೆಯಲ್ಲಿ ಒಂದು ಮಗು ಹಾಗೆ ಕಾರಣವಿಲ್ಲದೆ ಸಾಯುವುದು 8,543ಕ್ಕೆ ಒಂದು, ಆದ್ದರಿಂದ ಎರಡು ಸಾಯುವುದು 7 ಕೋಟಿ 30 ಲಕ್ಷಕ್ಕೆ ಒಂದು ಎಂದು ತಜ್ಞರೊಬ್ಬರು ಕೋರ್ಟಿನಲ್ಲಿ ಹೇಳಿದರು. 8,543ನ್ನು 8,543ರಿಂದಲೇ ಗುಣಿಸಿದ್ದು, ಅಷ್ಟೇ. ಹಾಗೆ ಗುಣಿಸಬೇಕಾದರೆ ಒಂದು ಸಾವಿಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅಂತ ಒಪ್ಪಿಕೊಳ್ಳಬೇಕು. ಒಂದೇ ತಾಯಿ, ಒಂದೇ ರಕ್ತ, ಒಂದೇ ಮನೆ, ಸಂಬಂಧ ಇಲ್ಲದೆ ಇರುತ್ತದೆಯೇ? ಆ ಒಂದು ಊಹೆಯನ್ನು ಯಾರಾದರೂ ಅಲುಗಾಡಿಸಿ ನೋಡಿದ್ದರೆ ಅಂಕಿ ಕುಸಿಯುತ್ತಿತ್ತು. 1999ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2003ರಲ್ಲಿ ಎರಡನೇ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. 2007ರಲ್ಲಿ ಆಕೆ ತೀರಿಕೊಂಡರು. ಅವತ್ತು ಮನೆಗೆ ಹೋಗಿ ನನ್ನ ಶೀಟನ್ನು ಮತ್ತೆ ತೆರೆದೆ. ನಾನೂ ಗುಣಿಸುತ್ತಲೇ ಹೋಗಿದ್ದೆ.

ಲೆಕ್ಕದ ಮಾತು ಹಾಗಿರಲಿ, ಕಣ್ಣನ್ನೂ ಪರೀಕ್ಷಿಸಬೇಕಿತ್ತು. ಫೈಲಿನ ಮೇಲಿದ್ದ ಪೊಲೀಸರ ಪತ್ರದಲ್ಲಿ ಆರೋಪಿಯ ಕೆಲಸ ಏನು ಅಂತ ಇರಲಿಲ್ಲ ಅಂದೆನಲ್ಲ. ಆದರೆ 'ಈತ ಹಳೆಯ ಕಳ್ಳ, ತಪ್ಪೊಪ್ಪಿಕೊಂಡಿರುತ್ತಾನೆ' ಅಂತ ಇತ್ತು! ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಕೋರ್ಟಿನಲ್ಲಿ ಬಳಸುವ ಹಾಗಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಅದು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23. ನ್ಯಾಯಾಧೀಶರ ಕಿವಿಗೆ ಬೀಳಬಾರದು ಅಂತ ಕಾನೂನು ತಡೆದ ಮಾತು ಸೀದಾ ನನ್ನ ಮೇಜಿಗೆ ಬಂದು ಕೂತಿತ್ತು. ಅದನ್ನು ಓದಿದ ಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ನಾನು. ಯಾವುದು ಬೇಕೋ ಅದಿಲ್ಲ, ಯಾವುದು ಬೇಡವೋ ಅದಿದೆ.

ಇದರಿಂದ ಕಣ್ಣು ಹೇಗೆ ವಾಲುತ್ತದೆ ಅನ್ನುವುದಕ್ಕೆ ಇಟಿಯೆಲ್ ಡ್ರೋರ್ ಮತ್ತು ಅವರ ಜೊತೆಗಾರರು 2006ರಲ್ಲಿ ಪ್ರಕಟಿಸಿದ ಪ್ರಯೋಗವೇ ಸಾಕು. ಐವರು ಬೆರಳಚ್ಚು ತಜ್ಞರಿಗೆ ಅವರೇ ಹಿಂದೆ 'ಇದು ಇವನದೇ' ಎಂದಿದ್ದ ಜೋಡಿಗಳನ್ನು ಮತ್ತೆ ಕೊಟ್ಟರು. ಆದರೆ ಇದು ತಪ್ಪಾಗಿ ಹೊಂದಿಸಿ ಸುದ್ದಿಯಾದ ಇನ್ನೊಂದು ಪ್ರಕರಣದ್ದು ಎಂದು ಹೇಳಿದರು. ಒಬ್ಬರು ಮಾತ್ರ ಹಳೆಯ ಮಾತಿಗೆ ನಿಂತರು. ಮೂವರು 'ಹೊಂದುವುದಿಲ್ಲ' ಅಂದರು, ಒಬ್ಬರು 'ಹೇಳಲಾಗದು' ಅಂದರು. ಬೆರಳಚ್ಚು ಅದೇ, ಕಣ್ಣೂ ಅದೇ. ಮಧ್ಯೆ ಒಂದು ಮಾತು ಬಂದಿತ್ತು.

ನಮಗೂ ಅಂಥದ್ದೇ ಪರೀಕ್ಷೆಯಾಯಿತು. ಸರ್ ಹನ್ನೆರಡು ಜೋಡಿ ಚೂರು ಕೊಟ್ಟರು, ಬರೀ ನಂಬರು ಹಾಕಿ. ಮೂರು ವಾರ ಬಿಟ್ಟು ಮತ್ತೆ ಹನ್ನೆರಡು. ಎರಡನೇ ಸಲದ ಐದು ಜೋಡಿ ಮೊದಲ ಸಲದವೇ ಎಂದು ಯಾರಿಗೂ ಹೇಳಿರಲಿಲ್ಲ. ಐದರಲ್ಲಿ ನಾಲ್ಕಕ್ಕೆ ನಾನು ಕೊಟ್ಟ ಉತ್ತರ ಅದೇ. ಒಂದಕ್ಕೆ ಮಾತ್ರ ಮೊದಲು 'ಹೊಂದುತ್ತದೆ' ಅಂದವಳು ಈ ಸಲ 'ಹೊಂದುವುದಿಲ್ಲ' ಎಂದು ಬರೆದಿದ್ದೆ. ಎರಡು ಅಳತೆಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ವ್ಯತ್ಯಾಸ ಗಡಿಯ ಈಚೆ ಒಂದು ಕೂದಲು, ಆಚೆ ಒಂದು ಕೂದಲು. ಗಡಿಯ ಹತ್ತಿರದ ಅಳತೆಗೆ 'ಹೌದು', 'ಇಲ್ಲ' ಎಂದು ಕಡ್ಡಿ ಮುರಿದ ಹಾಗೆ ಹೇಳುವುದೇ ತಪ್ಪು ಅಂತ ಅವತ್ತು ಅರಿವಾಯಿತು. ಅವತ್ತಿನಿಂದ ಪ್ರತಿ ಚೂರನ್ನೂ ಮತ್ತೊಮ್ಮೆ, ಬೇರೆ ದಿನ, ಹಿಂದಿನ ಅಂಕಿ ನೋಡದೆ ಅಳೆಯುತ್ತೇನೆ. ಪೊಲೀಸರ ಪತ್ರವನ್ನು ಇನ್ನೊಬ್ಬರು ಓದಿ, ಬೇಕಾದಷ್ಟನ್ನೇ ನನಗೆ ಹೇಳುತ್ತಾರೆ.

ಆಮೇಲೆ ಶುರುವಾಯಿತು ನಿಜವಾದ ಕೆಲಸ. 0.1 ಅಂತ ಪುಸ್ತಕ ಹೇಳಿದ್ದನ್ನು ನಮ್ಮ ಅಂಗಿಗಳ ಮೇಲೆ ನೋಡಬೇಕಿತ್ತು.

ದಾವಣಗೆರೆಯಲ್ಲಿ ನಮ್ಮ ಮಾವನ ಹಳೆಯ ಗೋದಾಮು ಖಾಲಿ ಬಿದ್ದಿತ್ತು. ಹಿಂದಿನ ಅಂಗಳದಲ್ಲಿ ಮರದ ಚೌಕಟ್ಟು ನಿಲ್ಲಿಸಿದೆವು. ಕಿಟಕಿ ಗಾಜನ್ನು ಅಂಗಡಿಯಿಂದ ಒಂದೇ ಅಳತೆಗೆ ಕೊಯ್ಯಿಸಿ ತಂದೆವು. ನನ್ನ ತಮ್ಮ, ಅವನ ಮೂವರು ಗೆಳೆಯರು, ಒಟ್ಟು ನಾಲ್ಕು ಜನ. ಐದು ಭಾನುವಾರ. ಒಬ್ಬೊಬ್ಬರು ಒಂದೊಂದು ಗಾಜು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗವಸು, ಕಾಲಿಗೆ ಶೂ. ಒಗೆದು, ಸೂಕ್ಷ್ಮವಾಗಿ ನೋಡಿ, ಗಾಜಿಲ್ಲ ಅಂತ ಖಾತ್ರಿ ಮಾಡಿಕೊಂಡ ಹತ್ತಿ ಅಂಗಿ. ಸುತ್ತಿಗೆಯಿಂದ ಒಂದೇ ಏಟು. ಗಾಜು ಒಳಗೆ ಬೀಳುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಒಡೆಯುವವನ ಕಡೆಗೂ ಸಿಡಿಯುತ್ತದೆ. 1967ರಲ್ಲೇ ಪ್ರಕಟವಾದ ವಿಷಯ ಇದು. ಆದರೂ ತಮ್ಮನ ಎದೆಯ ಮೇಲೆ ಬಿಸಿಲಿಗೆ ಸಣ್ಣಗೆ ಮಿಂಚಿದ್ದನ್ನು ಕಂಡಾಗ ಎಲ್ಲರೂ ಒಂದು ಕ್ಷಣ ಸುಮ್ಮನಾದೆವು.

ಪಕ್ಕದ ಮನೆಯ ಅಜ್ಜಿ ಮೊದಲ ಭಾನುವಾರವೇ ಬಂದರು. "ಏನವ್ವ ಇದು, ಭಾನುವಾರದ ದಿನ ಗಾಜು ಒಡೀತೀರಲ್ಲ, ಮನೆಗೆ ಒಳ್ಳೇದಲ್ಲ" ಅಂದರು. ಕೂರಿಸಿ ಎಲ್ಲ ಹೇಳಿದೆ. ಕೇಳಿಸಿಕೊಂಡು, "ಹಂಗಾದ್ರೆ ಯಾರನ್ನೋ ಸುಮ್ಮನೆ ಒಳಗೆ ಹಾಕಬಾರದು ಅಂತ ಮಾಡ್ತಿದ್ದೀಯಾ?" ಅಂದರು. ಹೌದು ಅಜ್ಜಿ, ಬಿಡಬಾರದವರನ್ನು ಬಿಡಬಾರದು ಅಂತಲೂ ಹೌದು ಅಂದೆ. ಮುಂದಿನ ವಾರದಿಂದ ಹುಡುಗರಿಗೆ ಮಂಡಕ್ಕಿ ಮೆಣಸಿನಕಾಯಿ ಅವರ ಮನೆಯಿಂದಲೇ ಬರುತ್ತಿತ್ತು.

ಒಡೆದ ಮೇಲೆ ನಾಲ್ಕು ಗಂಟೆ. ಅಷ್ಟು ಹೊತ್ತು ಹುಡುಗರು ಮಾಮೂಲಿನಂತೆ ಇರಬೇಕು. ಬೈಕಿನಲ್ಲಿ ಸುತ್ತಿದರು, ಹೋಟೆಲಿನಲ್ಲಿ ಟೀ ಕುಡಿದರು, ಮಾರ್ಕೆಟ್ಟಿಗೆ ಹೋಗಿ ಬಂದರು. ಬಂದ ಮೇಲೆ ಗೋದಾಮಿನ ಇನ್ನೊಂದು ಕೋಣೆಯಲ್ಲಿ ಹೊಸ ಕಾಗದ ಹಾಸಿ, ಅದರ ಮೇಲೆ ಅಂಗಿ ಬಿಚ್ಚಿಸಿ, ಕೊಡವಿ, ಜೇಬಿನ ಹೊಲಿಗೆ, ಕಾಲರಿನ ಮಡಿಕೆ ಎಲ್ಲ ಹುಡುಕುತ್ತಿದ್ದೆ. ಗಾಜು ಜೋಡಿಸುವ ಕೆಲಸಕ್ಕೆ ನಾನು ಕೈ ಹಾಕುತ್ತಲೇ ಇರಲಿಲ್ಲ. ಒಡೆದ ಗಾಜು ಮುಟ್ಟಿದ ಕೈ ಅಂಗಿ ಹುಡುಕಿದರೆ ಪ್ರಯೋಗವೇ ಕೆಟ್ಟಂತೆ.

ಪ್ರಯೋಗಕ್ಕೆ ಮೊದಲು ಸುಮ್ನೆ ನೋಡೋಣ ಎಂದು ಒಂದು ಉಣ್ಣೆ ಸ್ವೆಟರ್ ಹಾಕಿಸಿ, ಒಡೆದ ಕೂಡಲೇ ಎಣಿಸಿದ್ದೆ. 41 ಚೂರು. ಹತ್ತಿ ಅಂಗಿ, ನಾಲ್ಕು ಗಂಟೆ, ಬೈಕಿನ ಗಾಳಿ ಎಲ್ಲ ಆದ ಮೇಲೆ? 20ರಲ್ಲಿ 12 ಅಂಗಿಗಳಲ್ಲಿ ಒಂದೂ ಇರಲಿಲ್ಲ. ನಾಲ್ಕರಲ್ಲಿ ಒಂದು, ಎರಡರಲ್ಲಿ ಎರಡು. ಒಂದರಲ್ಲಿ ಐದು. ಸರಿಯಾಗಿ ಮೂರು ಸಿಕ್ಕಿದ್ದು ಒಂದೇ ಒಂದು ಅಂಗಿಯಲ್ಲಿ. ಅಂದರೆ 0.05. ಪುಸ್ತಕದ್ದರ ಅರ್ಧ.

ಇಷ್ಟರಲ್ಲಿ ಸರ್ ಹಳೆಯ ಕಾಗದಗಳಲ್ಲಿ ಹುಡುಕಿ ಒಂದು ಸಾಲು ತಂದುಕೊಟ್ಟರು. ಆರೋಪಿ ಗುಜರಿ ಅಂಗಡಿಯಲ್ಲಿ ಕೂಲಿ.

ಮರುದಿನವೇ ಗುಜರಿ ಅಂಗಡಿಗಳ ಸಾಲಿಗೆ ಹೋದೆ. ಹಳೆಯ ಕಿಟಕಿ, ಬಾಟಲಿ, ಕಾರಿನ ಗಾಜು, ಒಡೆದ ಟಿವಿ. ಕೆಲಸ ಮಾಡುತ್ತಿದ್ದ ಹುಡುಗನೊಬ್ಬನಿಗೆ ನಾನು ಬಂದ ಕಾರಣ ವಿವರಿಸಿದೆ. ಅವನು ಕೈಯಲ್ಲಿದ್ದ ಚೀಲ ಕೆಳಗಿಟ್ಟು ನನ್ನನ್ನೇ ನೋಡಿದ. "ಅಕ್ಕಾ, ನಮ್ಮ ಅಂಗೀಲಿ ಗಾಜು ಸಿಗದೆ ಇನ್ನೆಲ್ಲಿ ಸಿಗುತ್ತೆ?"

ಇಷ್ಟು ಸರಳವಾದ ಮಾತು. 267 ಎಂದು ಬರೆದು ಸಹಿ ಹಾಕುವಾಗ ನನಗೆ ಹೊಳೆದಿರಲಿಲ್ಲ.

ಗುಜರಿ ಅಂಗಡಿ, ಅಲ್ಯೂಮಿನಿಯಂ ಕಿಟಕಿ ಮಾಡುವವರು, ಫೋಟೋಗೆ ಕಟ್ಟು ಹಾಕುವವರು, ಕಾರಿಗೆ ಗಾಜು ಕೂರಿಸುವವರು. ಎಲ್ಲ ಸೇರಿ 20 ಜನ ಒಪ್ಪಿದರು. ಸಂಜೆ ಕೆಲಸ ಮುಗಿದ ಮೇಲೆ ಅಂಗಿ ಬಿಚ್ಚಿ ಕಾಗದದ ಚೀಲಕ್ಕೆ ಹಾಕಿ ಕೊಡುವುದು, ಬದಲಿಗೆ ನಾವು ಒಂದು ಅಂಗಿ ಕೊಡುವುದು. ಹೆಸರು ಬರೆದುಕೊಳ್ಳಲಿಲ್ಲ. ಆರು ಅಂಗಿಗಳಲ್ಲಿ ಗಾಜಿರಲಿಲ್ಲ. ಎಂಟರಲ್ಲಿ ಒಂದೇ ಬಗೆಯ ಗಾಜು. ನಾಲ್ಕರಲ್ಲಿ ಎರಡು ಬಗೆ, ಎರಡರಲ್ಲಿ ಮೂರು ಬಗೆ. ಒಟ್ಟು 22 ಗುಂಪು. ಅದರಲ್ಲಿ ಸರಿಯಾಗಿ ಮೂರು ಚೂರಿದ್ದ ಗುಂಪು ನಾಲ್ಕು. ನಮ್ಮ ಕೇಸಿನ ಕಿಟಕಿ ಗಾಜಿಗೆ ಹೊಂದಿದ್ದು ಎರಡು. ಎಣಿಸಿ, ಅಳೆದು ಮುಗಿಸಲು ಒಂದು ತಿಂಗಳು ಬೇಕಾಯಿತು.

ಈಗ ಲೆಕ್ಕ. ಒಡೆದವನ ಅಂಗಿಯಲ್ಲಿ ಮೂರು ಸಿಗುವುದು 0.05, ಒಂದೂ ಸಿಗದಿರುವುದು 0.6. ಇಷ್ಟನ್ನೇ ಬದಲಿಸಿದರೆ 267 ಹೋಗಿ 134. ಆಕಸ್ಮಿಕ ಹೊಂದಿಕೆ 22ಕ್ಕೆ 2, ಹೆಚ್ಚುಕಡಿಮೆ 0.1. ಅದನ್ನೂ ಬದಲಿಸಿದರೆ 54. ಆಮೇಲೆ ವಿದೇಶದ ಬಟ್ಟೆಗಳ ಲೆಕ್ಕ ತೆಗೆದು ಈ ಕೆಲಸಗಾರರ ಲೆಕ್ಕ ಹಾಕಿದೆ: ಗಾಜಿಲ್ಲದಿರುವುದು 0.3, ಒಂದೇ ಬಗೆಯದು 0.4, ಮೂರೇ ಚೂರು 0.2. ಉತ್ತರ ಎರಡೂವರೆ.

267 ಅಲ್ಲ. ಎರಡೂವರೆ.

ಸರ್ ಅಷ್ಟಕ್ಕೂ ಬಿಡಲಿಲ್ಲ. "20ರಲ್ಲಿ ಒಂದು ಅಂದೆಯಲ್ಲ, ಇನ್ನೊಮ್ಮೆ 20 ಗಾಜು ಒಡೆದರೆ ಅದೇ ಒಂದು ಬರುತ್ತೆ ಅಂತ ಏನು ಗ್ಯಾರಂಟಿ?" ನಿಜ. ಸೊನ್ನೆಯೂ ಬರಬಹುದು, ಮೂರೂ ಬರಬಹುದು. 0.05ರ ಜಾಗದಲ್ಲಿ 0.01 ಹಾಕಿದರೆ ಉತ್ತರ ಸುಮಾರು 1. ಅಂದರೆ ತಕ್ಕಡಿ ನೆಟ್ಟಗೆ ನಿಂತಂತೆ. 0.15 ಹಾಕಿದರೆ 6ರ ಆಸುಪಾಸು. ಹೇಗೆ ಎಳೆದಾಡಿದರೂ ಹತ್ತು ದಾಟಲಿಲ್ಲ. ವಿಚಿತ್ರ ಅಂದರೆ, ನನಗೆ ಮೊದಲ ಸಲ ನಂಬಿಕೆ ಬಂದದ್ದು ಈ ಪುಟ್ಟ ಅಂಕಿಯ ಮೇಲೆ. 267ನ್ನು ಯಾರು ಮುಟ್ಟಿದರೂ ಬೀಳುತ್ತಿತ್ತು. 'ಒಂದರಿಂದ ಆರು, ಹೆಚ್ಚೆಂದರೆ ದುರ್ಬಲ ಬೆಂಬಲ' ಎನ್ನುವುದು ಅಲುಗಾಡಿಸಿದರೂ ನಿಂತಿತು.

ಇದನ್ನು ಕೇಳಿ ಜೊತೆಗೆ ಕಲಿಯುತ್ತಿದ್ದ ಗೆಳತಿ ಒಂದು ಪ್ರಶ್ನೆ ಎತ್ತಿದಳು. ಹಾಗಾದರೆ ಗುಜರಿಯವರು ಯಾರ ಕಿಟಕಿ ಬೇಕಾದರೂ ಒಡೆಯಬಹುದು ಅಂತಾಯಿತಲ್ವಾ? ಇಲ್ಲ. ಮೂರು ಚೂರಿನ ಜಾಗದಲ್ಲಿ ಮೂವತ್ತು ಸಿಕ್ಕಿದ್ದರೆ ಕಥೆ ಬೇರೆ. ಎರಡು ಬೇರೆ ಕಿಟಕಿಗಳ ಗಾಜೂ ಹೊಂದಿದ್ದರೆ ಬೇರೆ. ಬೆರಳಚ್ಚು, ಸಿಸಿಟಿವಿ ಇದ್ದರೆ ಅವು ತಮ್ಮ ತೂಕ ತಾವು ಹೇಳುತ್ತವೆ. ಈ ಮೂರು ಚೂರಿಗೆ ಇಲ್ಲದ ತೂಕವನ್ನು ನಾನು ಕೊಡಬಾರದು, ಅಷ್ಟೇ. ಆರೋಪಿ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವನಾಗಿದ್ದರೆ ಅಂಕಿ 54ರ ಹತ್ತಿರ ಇರುತ್ತಿತ್ತೇನೋ. ಚೂರು ಅವೇ. ಅಂಗಿ ಯಾರದು ಎಂಬುದರ ಮೇಲೆ ಅವುಗಳ ಮಾತು ಬದಲಾಗುತ್ತದೆ.

ವರದಿಯನ್ನು ಮೊದಲಿಂದ ಬರೆದೆ. ಒಂದು ಪುಟ ಇದ್ದದ್ದು ಮೂರಾಯಿತು. ಯಾವ ಸಂಖ್ಯೆ ಎಲ್ಲಿಂದ ಬಂತು, ಯಾವುದನ್ನು ಬದಲಿಸಿದರೆ ಉತ್ತರ ಎಲ್ಲಿಗೆ ಹೋಗುತ್ತದೆ, ಯಾವ ಮಾಹಿತಿ ಸಿಕ್ಕರೆ ಅಭಿಪ್ರಾಯ ಬದಲಾಗಬಹುದು, ಎಲ್ಲ ಬರೆದೆ. ಇದನ್ನು ವರದಿಯ ಒಳಗೇ ಬರೆಯಬೇಕು ಅಂತ ನಾನು ಹಟ ಹಿಡಿಯಲು ಕಾರಣ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಂ ಪ್ರಕಾರ ಕೆಲವು ಸರ್ಕಾರಿ ವಿಜ್ಞಾನ ತಜ್ಞರ ವರದಿಯನ್ನು, ಅವರನ್ನು ಕಟಕಟೆಗೆ ಕರೆಸದೆಯೇ, ಸಾಕ್ಷ್ಯವಾಗಿ ಬಳಸಬಹುದು. ಹಿಂದೆ ಇದು ಸಿಆರ್‌ಪಿಸಿಯ 293 ಆಗಿತ್ತು. ಕೋರ್ಟ್ ಬೇಕೆಂದರೆ ಕರೆಸಬಹುದು. ಕರೆಸದಿದ್ದರೆ ಪಾಟೀಸವಾಲೇ ಇಲ್ಲ. 'ಈ ಮನುಷ್ಯ ಗುಜರಿಯವನಾದರೆ?' ಎಂದು ಕೇಳುವವರೇ ಇಲ್ಲ. ಹೊಸ ಸಂಹಿತೆಯಲ್ಲಿ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಿಗೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂಬ ನಿಯಮವೂ ಬಂದಿದೆ. ಒಳ್ಳೆಯದೇ. ಲ್ಯಾಬಿಗೆ ಬರುವ ಪೊಟ್ಟಣಗಳು ಹೆಚ್ಚುತ್ತವೆ, ವರದಿಗಳೂ ಹೆಚ್ಚುತ್ತವೆ. ಅದಕ್ಕೇ ಕೇಳುವವರಿಲ್ಲದ ಪ್ರಶ್ನೆಯನ್ನು ವರದಿಯೇ ಕೇಳಿಕೊಂಡು ಉತ್ತರಿಸಿರಬೇಕು.

ತರಬೇತಿಯ ಕೊನೆಗೆ ಅಣಕು ಕೋರ್ಟ್ ಇತ್ತು. ವಕೀಲರ ಪಾತ್ರ ಮಾಡಿದವರು ನಿಜವಾದ ವಕೀಲರೇ. "ಮೊದಲು 267 ಅಂದವರು ಈಗ ಎರಡೂವರೆ ಅನ್ನುತ್ತೀರಿ. ನಿಮ್ಮ ಯಾವ ಮಾತು ನಂಬಬೇಕು?" ಎಂದು ಜೋರಾಗಿಯೇ ಕೇಳಿದರು. ಗಂಟಲು ಒಣಗಿತು. ಮೊದಲ ಅಂಕಿ ಬಂದಾಗ ನಾನು ಕೇಳದೇ ಬಿಟ್ಟ ಪ್ರಶ್ನೆಗಳು ಎರಡನೇ ಪುಟದಲ್ಲಿವೆ, ಒಂದೊಂದಾಗಿ ಓದಲೇ ಎಂದೆ. ನ್ಯಾಯಾಧೀಶರ ಜಾಗದಲ್ಲಿ ಕೂತಿದ್ದವರು ಓದಿ ಅಂದರು. ಹನ್ನೆರಡು ನಿಮಿಷ ಓದಿದೆ. ಯಾರೂ ಮಧ್ಯೆ ಮಾತಾಡಲಿಲ್ಲ.

ಅಂಗಿಗಳನ್ನು ಒಗೆಸಿ, ಇಸ್ತ್ರಿ ಮಾಡಿಸಿ ವಾಪಸ್ ಕೊಡಲು ಹೋದಾಗ ಆ ಗುಜರಿ ಅಂಗಡಿಯ ಹುಡುಗ, "ನಂದರಲ್ಲಿ ಎಷ್ಟಿತ್ತಕ್ಕ?" ಅಂದ. ಹೆಸರು ಬರೆದುಕೊಂಡಿಲ್ಲ, ಹಾಗಾಗಿ ಗೊತ್ತಿಲ್ಲ ಅಂದೆ. ನಕ್ಕು ಅಂಗಿ ತೊಟ್ಟುಕೊಂಡ. 20 ಅಂಗಿ ಸಾಲದು, ಕನಿಷ್ಠ 100 ಬೇಕು ಎಂದು ಹೇಳಿ ಬಂದಿದ್ದೇನೆ. ಚಳಿಗಾಲದಲ್ಲಿ ಸ್ವೆಟರ್ ಹಾಕುವ ದಿನಗಳಲ್ಲಿ ಮತ್ತೆ ಹೋಗುತ್ತೇವೆ. ಆ ಸಲ ಗ್ಯಾರೇಜುಗಳೂ, ಗಾಜಿನ ಕೆಲಸಕ್ಕೆ ಸಂಬಂಧವೇ ಇಲ್ಲದ ಬಟ್ಟೆ ಅಂಗಡಿ, ಶಾಲೆ, ಬ್ಯಾಂಕಿನವರೂ ಪಟ್ಟಿಯಲ್ಲಿದ್ದಾರೆ. ಕಾಗದದ ಚೀಲಗಳನ್ನು ಅಜ್ಜಿಯೇ ಅಂಟಿಸಿ ಕೊಡುತ್ತಿದ್ದಾರೆ.